ಭೂಕಂಪದಲ್ಲಿ ಮಣ್ಣಿನ ದ್ರವೀಕರಣ

1934ನೆಯ ಜನವರಿ 15ರಂದು ಉತ್ತರ ಬಿಹಾರವನ್ನು ನಡುಗಿಸಿದ ಭೂಕಂಪವು ಒಂದು ವಿಚಿತ್ರ ದೃಶ್ಯವನ್ನು ಉಳಿಸಿಹೋಯಿತು. ಸೀತಾಮಢಿಯಿಂದ ಪೂರ್ಣಿಯಾದವರೆಗೆ ಸುಮಾರು 300 ಕಿಲೋಮೀಟರ್ ಉದ್ದದ ಬಯಲಿನಲ್ಲಿ ಅನೇಕ ಮನೆಗಳು ಮುರಿದು ಬೀಳುವ ಬದಲು ವಾಲಿ ನೆಲದೊಳಕ್ಕೆ ಇಳಿದುವು. ರಸ್ತೆಯ ಏರಿಗಳು ಸುತ್ತಣ ಬಯಲಿನ ಮಟ್ಟಕ್ಕೆ ತಗ್ಗಿದುವು. ಬಿರುಕುಗಳಿಂದ ಚಿಮ್ಮಿದ ನೀರೂ ಮರಳೂ ಹೊಲಗಳನ್ನು ಮುಚ್ಚಿದುವು, ಬಾವಿಗಳು ಹೂತುಹೋದುವು. ಈ ಪ್ರದೇಶವನ್ನು ಸಮೀಕ್ಷಿಸಿದ ಭೂವಿಜ್ಞಾನಿಗಳು ಇದಕ್ಕೆ ‘ಕುಸಿತದ ಪಟ್ಟಿ’ ಎಂಬರ್ಥದ ಹೆಸರನ್ನಿತ್ತರು. ಘನವಾದ ನೆಲವು ದ್ರವದಂತೆ ವರ್ತಿಸುವ ಈ ವಿದ್ಯಮಾನವೇ ಮಣ್ಣಿನ ದ್ರವೀಕರಣ.

ಇದಕ್ಕೆ ಕಾರಣವೇನು? ಸೇರಿನಲ್ಲಿ ತುಂಬಿದ ಅಕ್ಕಿಯನ್ನು ಅಲುಗಿಸಿದರೆ ಕಾಳುಗಳು ಒತ್ತಾಗಿ ಕುಳಿತು ಮಟ್ಟ ತಗ್ಗುವುದನ್ನು ಎಲ್ಲರೂ ಬಲ್ಲರು. ಸಡಿಲವಾದ ಮರಳೂ ಹೀಗೆಯೇ ಒತ್ತಾಗಲು ಯತ್ನಿಸುತ್ತದೆ. ಆದರೆ ಕಣಗಳ ನಡುವಣ ಎಡೆಯೆಲ್ಲ ನೀರಿನಿಂದ ತುಂಬಿದ್ದರೆ, ಆ ನೀರು ಹೊರಬಾರದೆ ಮರಳು ಒತ್ತಾಗಲಾರದು. ಕಂಪನದ ಕೆಲವು ಕ್ಷಣಗಳಲ್ಲಿ ನೀರಿಗೆ ಹೊರಹೋಗಲು ಅವಕಾಶವಿಲ್ಲ. ಆದ್ದರಿಂದ ಅದರ ಒತ್ತಡ ಏರುತ್ತದೆ. ಮೇಲಣ ಭಾರವನ್ನು ಕಣಗಳಿಗೆ ಬದಲಾಗಿ ನೀರೇ ಹೊರತೊಡಗುತ್ತದೆ. ಕಣಕ್ಕೂ ಕಣಕ್ಕೂ ಇರುವ ಒತ್ತು ಕಳೆದೊಡನೆ ಘರ್ಷಣೆಯೂ ಅಳಿಯುತ್ತದೆ. ಮರಳಿನ ಬಲವೆಲ್ಲ ಆ ಘರ್ಷಣೆಯೇ. ಆಗ ಭಾರವಾದ ಕಟ್ಟಡ ಮುಳುಗುತ್ತದೆ. ಹೂತಿಟ್ಟ ಹಗುರವಾದ ತೊಟ್ಟಿ ಮೇಲಕ್ಕೇಳುತ್ತದೆ.

ಕಟ್ಟಡದ ದೃಢತೆಯೊಂದೇ ಇಲ್ಲಿ ರಕ್ಷೆಯಲ್ಲವೆಂಬುದನ್ನು ಜಪಾನಿನ ನೀಗಾಟ ನಗರವು 1964ನೆಯ ಜೂನ್ 16ರಂದು ತೋರಿಸಿಕೊಟ್ಟಿತು. ಶಿನಾನೊ ನದಿಯ ಹಳೆಯ ಪಾತ್ರವನ್ನು ತುಂಬಿದ್ದ ಜಾಗದಲ್ಲಿ ನಿಂತಿದ್ದ ನಾಲ್ಕಂತಸ್ತಿನ ಕಾಂಕ್ರೀಟ್ ವಸತಿಗೃಹಗಳು ಬಹುಮಟ್ಟಿಗೆ ಬಿರುಕಿಲ್ಲದೆಯೇ ವಾಲಿದುವು. ಒಂದಂತೂ ಪೂರ್ತಿ ಮಗ್ಗುಲಾಯಿತು. ಅದೇ ನಗರದಲ್ಲಿ, ಮರಳನ್ನು ಮೊದಲೇ ಕಂಪಿಸಿ ಬಿಗಿಗೊಳಿಸಿದ್ದ ನೆಲದ ಮೇಲಣ ತೈಲದ ತೊಟ್ಟಿಗಳಿಗೆ ಒದಗಿದ ಹಾನಿ ಅಲ್ಪ. ಭೂಕಂಪ ಒಂದೇ, ಫಲ ಬೇರೆ.

ಅಪಾಯಕ್ಕೆ ಮೂರು ಅಂಗಗಳು ಕೂಡಬೇಕು: ಸಡಿಲವಾದ ಮರಳು ಇಲ್ಲವೆ ನಯವಾದ ಹೂಳು, ಮೇಲ್ಮೈಗೆ ಸಮೀಪವಾದ ಅಂತರ್ಜಲ, ಸಾಕಷ್ಟು ಹೊತ್ತು ನಡೆಯುವ ಪ್ರಬಲ ಕಂಪನ. ಮೂರನೆಯದು ನಮ್ಮ ವಶದಲ್ಲಿಲ್ಲ. ಮೊದಲೆರಡನ್ನು ಮೊದಲೇ ಅರಿಯಬಹುದು. 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆಯು 30 ಸೆಂಟಿಮೀಟರ್ ಇಳಿಯಲು ಬೇಕಾದ ಹೊಡೆತಗಳನ್ನು ಎಣಿಸುವುದು ರೂಢಿಯ ಪರೀಕ್ಷೆ. ಎಣಿಕೆ ಕಡಮೆಯಾದಷ್ಟೂ ಮರಳು ಸಡಿಲ. ನೆಲದ ಈ ಬಲವನ್ನು ಭೂಕಂಪದ ಬಲದೊಡನೆ ತೂಗಿನೋಡುವ ಸರಳ ವಿಧಾನವನ್ನು ಸೀಡ್ ಮತ್ತು ಇದ್ರಿಸ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದರು. ನೆಲ ದುರ್ಬಲವೆಂದು ಕಂಡರೆ ಮರಳನ್ನು ಬಿಗಿಗೊಳಿಸುವುದು, ನೀರು ಬೇಗ ಹರಿದುಹೋಗಲು ಜಲ್ಲಿಯ ಕಂಬಗಳನ್ನು ಇಳಿಸುವುದು, ಗಟ್ಟಿಯಾದ ಪದರವನ್ನು ಮುಟ್ಟುವ ಆಳದ ಅಡಿಪಾಯವನ್ನು ಹಾಕುವುದು, ಇವು ಪರಿಹಾರಗಳು.

2001ನೆಯ ಜನವರಿ 26ರ ಭೂಕಂಪದಲ್ಲಿ ಕಚ್ಛದ ಹಲವು ಮಣ್ಣಿನ ಅಣೆಕಟ್ಟುಗಳ ತಳದ ಮೆಕ್ಕಲು ದ್ರವೀಕರಣಗೊಂಡು ಏರಿಗಳು ಕುಸಿದುವು. ಜಲಾಶಯಗಳಲ್ಲಿ ನೀರು ತೀರ ಕಡಮೆಯಿದ್ದುದರಿಂದಲೇ ಪ್ರವಾಹವು ತಪ್ಪಿತು. ಅಂಥ ಆಕಸ್ಮಿಕವು ಎಲ್ಲ ಸಲವೂ ನಮ್ಮನ್ನು ಕಾಯಲಾರದು. ಬಿಹಾರದ ಬಯಲೂ ನೀಗಾಟದ ತೀರವೂ ಕಲಿಸುವ ಪಾಠ ಒಂದೇ: ಕಟ್ಟಡದ ನಕ್ಷೆಯನ್ನು ಬರೆಯುವ ಮೊದಲು ಅದನ್ನು ಹೊರಬೇಕಾದ ನೆಲವನ್ನು ಓದಬೇಕು.