ಚಾಕು ತಾಗಿದಾಗ ಹುಟ್ಟುವ ಘಾಟು

ಎಲೆಕೋಸು ಹೆಚ್ಚುವಾಗ ಮೂಗಿಗೆ ಬಡಿಯುತ್ತದಲ್ಲ ಒಂದು ಸಣ್ಣ ಘಾಟು, ಅದು ಒಂದು ಗಳಿಗೆ ಮುಂಚೆ ಆ ಕೋಸಿನಲ್ಲಿ ಇರಲೇ ಇಲ್ಲ! ಇಡೀ ಗಡ್ಡೆಯನ್ನು ಎಷ್ಟು ಮೂಸಿದರೂ ಸಿಗುವುದಿಲ್ಲ. ಚಾಕು ಇಳಿಯಬೇಕು, ಇಲ್ಲವೇ ಹಲ್ಲು ತಾಗಬೇಕು, ಆಗ ಹುಟ್ಟುತ್ತದೆ.

ಹೇಗೆ? ಗಿಡ ಎರಡು ವಸ್ತುಗಳನ್ನು ಬೇರೆ ಬೇರೆ ಕಡೆ ಬಚ್ಚಿಟ್ಟಿರುತ್ತದೆ. ಒಂದು, ಗಂಧಕ ಬೆರೆತ ಗ್ಲೂಕೋಸಿನೋಲೇಟ್. ಇನ್ನೊಂದು, ಮೈರೋಸಿನೇಸ್ ಎಂಬ ಕಿಣ್ವ. ಎಲೆ ಗಾಯಗೊಂಡರೆ ಎರಡೂ ಒಂದಕ್ಕೊಂದು ಸಿಕ್ಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಖಾರದ ಐಸೋಥಯೋಸಯನೇಟ್ ತಯಾರು. ವಿಜ್ಞಾನಿಗಳು ಇದನ್ನು 'ಸಾಸಿವೆ ಎಣ್ಣೆಯ ಬಾಂಬು' ಎಂದೇ ಕರೆಯುತ್ತಾರೆ. ಬಾಂಬಿನ ಗುರಿ ನಾವಲ್ಲ, ಎಲೆ ತಿನ್ನಲು ಬರುವ ಹುಳು. ಆದರೆ ಕೋಸು ಬೆಳೆಗಾರರ ನಿದ್ದೆಗೆಡಿಸುವ ಡೈಮಂಡ್ ಬ್ಯಾಕ್ ಪತಂಗದ ಹುಳು ಹೊಟ್ಟೆಯಲ್ಲೇ ಈ ಬಾಂಬಿನ ಬತ್ತಿ ಕಿತ್ತುಹಾಕುವುದನ್ನು ಕಲಿತಿದೆ! ಅಷ್ಟೇ ಅಲ್ಲ, ಆ ಘಾಟಿನ ಜಾಡು ಹಿಡಿದೇ ಪತಂಗ ಮೊಟ್ಟೆಯಿಡಲು ಬರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಚಪಲವನ್ನೇ ಅದರ ವಿರುದ್ಧ ತಿರುಗಿಸಿದರು. ಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತಿಸಿ ಪತಂಗಗಳನ್ನು ಅತ್ತ ಸೆಳೆದರು.

ಹುಳುವಿಗೆಂದು ಮಾಡಿಟ್ಟ ವಿಷ ನಮ್ಮ ಮೈಯೊಳಗೆ ಹೋದರೆ ಏನಾಗುತ್ತದೆ? ಇಲ್ಲಿದೆ ನೋಡಿ ಬೆರಗು.

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ತಲಾಲೇ ಎಂಬ ವಿಜ್ಞಾನಿಗೆ ಒಂದೇ ಹಟವಿತ್ತು: ಕ್ಯಾನ್ಸರ್ ಬಂದ ಮೇಲೆ ಬಡಿದಾಡುವುದಲ್ಲ, ಬರುವ ಮೊದಲೇ ದೇಹದ ಸ್ವಂತ ರಕ್ಷಣೆಯನ್ನು ಎಬ್ಬಿಸುವುದು. ತಟ್ಟೆಗಳಲ್ಲಿ ಬೆಳೆಸಿದ ಇಲಿಯ ಜೀವಕೋಶಗಳ ಮೇಲೆ ತರಕಾರಿಗಳ ಸಾರ ಸುರಿದು, ವಿಷಹರ ಕಿಣ್ವ ಯಾವುದಕ್ಕೆ ಹೆಚ್ಚುತ್ತದೆ ಎಂದು ಅಳೆದರು. ಬ್ರೊಕೊಲಿ ಮುಂದೆ ನಿಂತಿತು. 1992ರಲ್ಲಿ ತಲಾಲೇ, ಯೂಷೆಂಗ್ ಝಾಂಗ್ ಮತ್ತು ಸಂಗಡಿಗರು ಅದರೊಳಗಿನ ಸಲ್ಫೊರಫೇನ್ ಎಂಬ ಐಸೋಥಯೋಸಯನೇಟನ್ನು ಬೇರ್ಪಡಿಸಿ ತೋರಿಸಿದರು. 1997ರಲ್ಲಿ ಇನ್ನೊಂದು ಅಚ್ಚರಿ: ಮೂರೇ ದಿನದ ಮೊಳಕೆಯಲ್ಲಿ ಸಲ್ಫೊರಫೇನಿನ ಮೂಲವಸ್ತು ಬಲಿತ ಗಿಡಕ್ಕಿಂತ 10ರಿಂದ 100 ಪಟ್ಟು!

ಸಲ್ಫೊರಫೇನ್ ತಾನೇ ಹೋಗಿ ವಿಷವನ್ನು ಹಿಡಿಯುವುದಿಲ್ಲ. ನಮ್ಮ ಜೀವಕೋಶದಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನು ಕಟ್ಟಿಹಾಕಿದ ಕಾವಲುನಾಯಿಯಂತೆ ಬಿದ್ದಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಕೀಪ್1 ಎಂಬ ಇನ್ನೊಂದು ಪ್ರೋಟೀನು. ಸಲ್ಫೊರಫೇನ್ ಬಂದು ಕೀಪ್1ಕ್ಕೆ ತಾಗಿದ್ದೇ ತಡ, ಹಿಡಿತ ಸಡಿಲ. ಎನ್‌ಆರ್‌ಎಫ್2 ಜೀವಕೋಶದ ಕೇಂದ್ರಕ್ಕೆ ನುಗ್ಗಿ, ವಿಷ ಹೊರಹಾಕುವ ಕಿಣ್ವಗಳ ವಂಶವಾಹಿಗಳನ್ನು ಸಾಲುಸಾಲಾಗಿ ಚಾಲೂ ಮಾಡುತ್ತದೆ. ತಿಂದ ಕೋಸು ಜೀರ್ಣವಾಗಿ ಹೋದ ಮೇಲೂ ಆ ಕಿಣ್ವಗಳ ಕೆಲಸ ನಡೆದೇ ಇರುತ್ತದೆ.

ಮನುಷ್ಯರಲ್ಲಿ? ಚೀನಾದ ಯಾಂಗ್‌ಟ್ಸಿ ನದಿ ಕಡಲು ಸೇರುವಲ್ಲಿ ಚಿಡಾಂಗ್ ಎಂಬ ಸೀಮೆಯಿದೆ. ಬೂಷ್ಟು ಹಿಡಿದ ಕಾಳಿನ ಅಫ್ಲಟಾಕ್ಸಿನ್ ಮತ್ತು ಹೆಪಟೈಟಿಸ್ ಬಿ ಸೇರಿ ಪಿತ್ತಜನಕಾಂಗದ ಕ್ಯಾನ್ಸರ್ ತಂದ ಜಾಗ. ಮೇಲಿಂದ ಹೊಗೆ ತುಂಬಿದ ಗಾಳಿ. ಅಲ್ಲಿನ 291 ಜನ 12 ವಾರ ದಿನಾ ಪಾನಕ ಕುಡಿದರು. ಕೆಲವರ ಲೋಟದಲ್ಲಿ ಬ್ರೊಕೊಲಿ ಮೊಳಕೆಯ ಸಾರ, ಉಳಿದವರದ್ದರಲ್ಲಿ ಅದಿಲ್ಲ. 2014ರಲ್ಲಿ ಫಲಿತಾಂಶ ಬಂತು: ಸಾರ ಕುಡಿದವರ ಮೂತ್ರದಲ್ಲಿ ಬೆಂಜೀನು ಶೇ. 61ರಷ್ಟು ಹೆಚ್ಚು ಹೊರಬೀಳುತ್ತಿತ್ತು! ಉಸಿರಲ್ಲಿ ಒಳಹೋದ ವಿಷ ಮೂತ್ರದಲ್ಲಿ ಆಚೆ.

ಶಾಂಘೈಯಲ್ಲಿ 18,244 ಗಂಡಸರ ಮೂತ್ರವನ್ನು ಮೊದಲೇ ತೆಗೆದಿಟ್ಟು, ಯಾರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತೆಂದು ಕಾದು ನೋಡಿದವರಿದ್ದಾರೆ. ಐಸೋಥಯೋಸಯನೇಟ್ ಕಂಡವರಲ್ಲಿ ಕಾಯಿಲೆ ಕಡಿಮೆ. ಈ ಖಾರವನ್ನು ಬೇಗ ಹೊರದಬ್ಬುವ ವಂಶವಾಹಿ ಹುಟ್ಟಿನಿಂದಲೇ ಇಲ್ಲದವರಲ್ಲಿ ಲಾಭ ಇನ್ನೂ ಎದ್ದು ಕಂಡಿತು. ಕೊರತೆಯೇ ವರವಾದದ್ದು!

ಉಸಿರು ಬಿಗಿಹಿಡಿದು ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ಚಿಡಾಂಗ್‌ನಲ್ಲಿ ಅಳೆದದ್ದು ಹೊರಬಿದ್ದ ವಿಷವನ್ನು, ತಪ್ಪಿದ ಕ್ಯಾನ್ಸರನ್ನಲ್ಲ. ಶಾಂಘೈಯಲ್ಲಿ ಕಂಡದ್ದು ನಂಟು, ರುಜುವಾತಲ್ಲ. ಕೋಸು ತಿನ್ನುತ್ತ ಬೀಡಿ ಸೇದುವವರಿಗೆ ಯಾವ ಎನ್‌ಆರ್‌ಎಫ್2 ಕೂಡ ಆಸರೆಯಾಗದು. ಕಾಯಿಲೆ ಬಂದವರಿಗೆ ತರಕಾರಿ ಚಿಕಿತ್ಸೆಯೂ ಅಲ್ಲ.

ಹಾಗಂತ ಬ್ರೊಕೊಲಿಗಾಗಿ ದುಬಾರಿ ಅಂಗಡಿ ಹುಡುಕಬೇಕಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲ ಒಂದೇ ಜಾತಿಯ ಗಿಡ! ಎಲೆ, ಹೂ, ಕಾಂಡಗಳನ್ನು ಊದಿಸಿ ಊದಿಸಿ ರೈತರು ಬೇರೆ ಬೇರೆ ರೂಪ ಕೊಟ್ಟಿದ್ದಾರೆ, ಅಷ್ಟೆ. ಮೂಲಂಗಿ, ಸಾಸಿವೆ ಹತ್ತಿರದ ನೆಂಟರು. ಯಾವ ಗ್ಲೂಕೋಸಿನೋಲೇಟ್ ಎಷ್ಟಿದೆ ಎನ್ನುವುದು ಒಂದೊಂದರಲ್ಲಿ ಒಂದೊಂದು ಬಗೆ.

ಪೇಚಿರುವುದು ಒಲೆಯ ಮೇಲೆ. ಚೆನ್ನಾಗಿ ಬೇಯಿಸಿದರೆ ಕಿಣ್ವ ಸಾಯುತ್ತದೆ. ಆಮೇಲೆ ಕರುಳಿನ ಬ್ಯಾಕ್ಟೀರಿಯಾಗಳು ಮಾಡಿಕೊಟ್ಟಷ್ಟೇ ನಮ್ಮ ಪಾಲು. ಹೆಚ್ಚಿ ಅರ್ಧ ಮುಕ್ಕಾಲು ಗಂಟೆ ಹಾಗೇ ಬಿಟ್ಟು ಬೇಯಿಸಿದರೆ ಒಳ್ಳೆಯದು, ಅಷ್ಟರಲ್ಲಿ ಕಿಣ್ವ ತನ್ನ ಕೆಲಸ ಮುಗಿಸಿರುತ್ತದೆ. ಅದಕ್ಕಿಂತ ಸೊಗಸಾದ ಉಪಾಯ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರದು. ಬೆಂದ ಬ್ರೊಕೊಲಿಗೆ ಹಸಿ ಸಾಸಿವೆ ಪುಡಿ ಉದುರಿಸಿದರು. ಸತ್ತ ಕಿಣ್ವದ ಬದಲು ಸಾಸಿವೆಯ ಕಿಣ್ವ ಕೆಲಸಕ್ಕೆ ನಿಂತು, ದೇಹಕ್ಕೆ ದಕ್ಕಿದ ಸಲ್ಫೊರಫೇನ್ ನಾಲ್ಕು ಪಟ್ಟಿಗೂ ಮಿಕ್ಕಿ ಏರಿತು. ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆಗೆ ಈ ಶಕ್ತಿಯಿಲ್ಲ, ಕಾದ ಎಣ್ಣೆ ಅದನ್ನು ಸುಟ್ಟಿರುತ್ತದೆ. ಬೇಕಾದದ್ದು ಹಸಿಯದು. ಮಲೆನಾಡಿನವರು ತೆಂಗಿನತುರಿಯ ಜೊತೆ ಹಸಿ ಸಾಸಿವೆ ಅರೆದು, ಮೊಸರು ಬೆರೆಸಿ 'ಸಾಸಿವೆ' ಮಾಡುತ್ತಾರಲ್ಲ, ಮೂಗಿಗೇರುವ ಆ ಹದ. ಬೆಂದ ಹೂಕೋಸಿಗೂ ಅದು ಚೆನ್ನಾಗಿ ಒಗ್ಗುತ್ತದೆ, ಆದರೆ ಕಲಸುವುದು ಒಲೆಯಿಂದ ಇಳಿಸಿ ಆರಿದ ಮೇಲೆ.