ಮಾಸ್ಕ್ ಕೊರತೆ: ತಾಲೀಮಿನಲ್ಲೇ ಬಯಲಾಗಿದ್ದ ಸತ್ಯ

ಯುದ್ಧ ಅಥವಾ ಮಹಾಮಾರಿ ಎರಗಿದಾಗ ದೇಶದ ಕಾರ್ಖಾನೆಗಳನ್ನೆಲ್ಲ ಒಂದೇ ಗುರಿಯತ್ತ ತಿರುಗಿಸುವುದು ಹೇಗೆ? ಇದನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳಲು ಸರ್ಕಾರಗಳು ಅಣಕು ಕಾರ್ಯಾಚರಣೆ ನಡೆಸುತ್ತವೆ. ಅಮೆರಿಕದ ಆರೋಗ್ಯ ಇಲಾಖೆ 2019ರಲ್ಲಿ ಅಂಥದ್ದೊಂದು ತಾಲೀಮು ನಡೆಸಿತ್ತು. ಅದರಲ್ಲಿ ಕಂಡ ಲೋಪಗಳೇ ಕೆಲವು ತಿಂಗಳಲ್ಲಿ ನಿಜವಾಗಿ ಎದುರಾದದ್ದು ಮಾತ್ರ ವಿಪರ್ಯಾಸ.

'ಕ್ರಿಮ್ಸನ್ ಕಂಟೇಜನ್' ಎಂಬ ಈ ತಾಲೀಮು 2019ರ ಜನವರಿಯಿಂದ ಆಗಸ್ಟ್‌ವರೆಗೆ ಹಂತಹಂತವಾಗಿ ನಡೆಯಿತು. 12 ರಾಜ್ಯಗಳು, ಹಲವು ಕೇಂದ್ರ ಇಲಾಖೆಗಳು, ಆಸ್ಪತ್ರೆಗಳು ಪಾಲ್ಗೊಂಡಿದ್ದವು. ಚೀನಾ ಪ್ರವಾಸದಿಂದ ಮರಳಿದವರ ಮೂಲಕ ಹೊಸ ಬಗೆಯ ಫ್ಲೂ ಜ್ವರ ಹರಡುತ್ತದೆ. 11 ಕೋಟಿ ಜನ ಕಾಯಿಲೆ ಬೀಳುತ್ತಾರೆ. 5,86,000 ಮಂದಿ ಸಾಯುತ್ತಾರೆ. ಇದು ಅಧಿಕಾರಿಗಳ ಮುಂದಿಟ್ಟಿದ್ದ ಕಾಲ್ಪನಿಕ ಸನ್ನಿವೇಶ.

ವರದಿ ಹೇಳಿದ್ದೇನು?

2019ರ ಅಕ್ಟೋಬರ್‌ನ ಕರಡು ವರದಿ ಮುಚ್ಚುಮರೆಯಿಲ್ಲದೆ ಬರೆದಿತ್ತು. ಮಾಸ್ಕ್, ಸೂಜಿ, ಸಿರಿಂಜ್‌ಗಳನ್ನು ಬೇಕಾದಷ್ಟು ಪ್ರಮಾಣದಲ್ಲಿ ತಯಾರಿಸುವ ಸಾಮರ್ಥ್ಯ ದೇಶದೊಳಗಿಲ್ಲ. ಹೊಣೆ ಯಾವ ಇಲಾಖೆಯದೆಂಬ ಬಗ್ಗೆ ಗೊಂದಲವಿದೆ. ಕಾರ್ಖಾನೆಗಳಿಗೆ ಆದೇಶ ನೀಡುವ ಕಾನೂನನ್ನು ಬಳಸುವ ಬಗೆಯೂ ಸ್ಪಷ್ಟವಿಲ್ಲ.

ಅದು 1950ರ ರಕ್ಷಣಾ ಉತ್ಪಾದನಾ ಕಾಯಿದೆ. ಕೊರಿಯಾ ಯುದ್ಧ ಶುರುವಾದಾಗ ಅಧ್ಯಕ್ಷ ಟ್ರೂಮನ್ ಜಾರಿಗೆ ತಂದದ್ದು. ಸರ್ಕಾರದ ಆರ್ಡರನ್ನೇ ಮೊದಲು ಪೂರೈಸುವಂತೆ ಖಾಸಗಿ ಕಂಪನಿಗೆ ಸೂಚಿಸುವ ಹಾಗೂ ಹೊಸ ಯಂತ್ರ ಸ್ಥಾಪಿಸಲು ಸಾಲ, ಖರೀದಿ ಭರವಸೆ ನೀಡುವ ಅಧಿಕಾರ ಇದರಲ್ಲಿದೆ.

ವರದಿ ಕೈಸೇರಿದರೂ ಮಾಸ್ಕ್‌ಗೆ ಆರ್ಡರ್ ಹೋಗಲಿಲ್ಲ. 2009ರ ಹಂದಿಜ್ವರದ ವೇಳೆ ಹಂಚಿದ್ದ ದಾಸ್ತಾನೇ ಪೂರ್ತಿ ಭರ್ತಿಯಾಗಿರಲಿಲ್ಲ. 2020ರ ಮಾರ್ಚ್ 27ರಂದು ಅಧ್ಯಕ್ಷ ಟ್ರಂಪ್ ಈ ಕಾಯಿದೆಯಡಿ ಜನರಲ್ ಮೋಟಾರ್ಸ್‌ಗೆ ವೆಂಟಿಲೇಟರ್ ತಯಾರಿಸಲು ಆದೇಶಿಸಿದರು. ಕಾರು ಕಂಪನಿ 30,000 ಯಂತ್ರಗಳನ್ನು ಪೂರ್ಣಗೊಳಿಸಿದ್ದು ಆಗಸ್ಟ್ ಕೊನೆಗೆ. ನ್ಯೂಯಾರ್ಕ್‌ನಲ್ಲಿ ಸಾವುಗಳು ಪರಾಕಾಷ್ಠೆ ಮುಟ್ಟಿದ್ದು ಏಪ್ರಿಲ್‌ನಲ್ಲಿ!

ಹಳೆಯ ಪಾಠ

ತಾಲೀಮಿನ ಜೊತೆಗೇ ಆರ್ಡರ್ ಕೊಟ್ಟ ಉದಾಹರಣೆಯೂ ಅದೇ ದೇಶದಲ್ಲಿದೆ. ಮೊದಲ ಮಹಾಯುದ್ಧಕ್ಕೆ 1917ರಲ್ಲಿ ಇಳಿದ ಅಮೆರಿಕ ಸೈನಿಕರು ಬಹುಪಾಲು ಫ್ರೆಂಚ್ ಫಿರಂಗಿಗಳನ್ನೇ ನೆಚ್ಚಬೇಕಾಗಿತ್ತು. ಆ ಮುಜುಗರದ ಬಳಿಕ 1920ರ ಕಾನೂನು ಕೈಗಾರಿಕಾ ಸಿದ್ಧತೆಯ ಹೊಣೆಯನ್ನು ಯುದ್ಧ ಇಲಾಖೆಯ ಸಹಾಯಕ ಕಾರ್ಯದರ್ಶಿಗೆ ವಹಿಸಿತು. 1924ರಲ್ಲಿ ಇದನ್ನೇ ಕಲಿಸಲು ಸೇನೆ ವಾಷಿಂಗ್ಟನ್‌ನಲ್ಲಿ ಕಾಲೇಜು ತೆರೆಯಿತು. 1930ರ ದಶಕದಲ್ಲಿ ಮತ್ತೆ ಮತ್ತೆ ಪರಿಷ್ಕರಿಸಿದ ಯೋಜನೆಯನ್ನು, 1939ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಅಧ್ಯಕ್ಷ ರೂಸ್‌ವೆಲ್ಟ್ ಬದಿಗಿಟ್ಟರು.

ಆದರೆ ಯೋಜನೆಯ ಒಂದು ಪುಟ್ಟ ಭಾಗ ಉಪಯೋಗಕ್ಕೆ ಬಂತು. ಅದು 1938ರಲ್ಲಿ ಸಂಸತ್ತು ಒಪ್ಪಿದ 'ಕಲಿಕೆಯ ಆರ್ಡರ್'. ಕಾರ್ಖಾನೆಗೆ ಸಣ್ಣ ಪ್ರಮಾಣದ ಆರ್ಡರ್ ಕೊಟ್ಟು, ಅಚ್ಚು, ಉಪಕರಣ, ಕೆಲಸಗಾರರ ತರಬೇತಿಗೆ ಸರ್ಕಾರವೇ ಹಣ ಭರಿಸುತ್ತಿತ್ತು. ವಿಂಚೆಸ್ಟರ್ ಕಂಪನಿ ಗ್ಯಾರಂಡ್ ರೈಫಲ್ ತಯಾರಿಕೆ ಕಲಿತದ್ದು ಹೀಗೆ. ಮೊತ್ತ ಅಲ್ಪವೇ ಇದ್ದರೂ ಕಾರ್ಖಾನೆಯೊಳಗೆ ಉಳಿದದ್ದು ಅನುಭವ. ಕಡತ ಎಷ್ಟೇ ದಪ್ಪವಿದ್ದರೂ ಅದನ್ನು ಕೊಡಲಾರದು.

ಬೆಂಗಳೂರಿನಲ್ಲೂ...

2020ರಲ್ಲಿ ಭಾರತಕ್ಕೂ ಇಂಥದೇ ತುರ್ತು ಎದುರಾಯಿತು. ಕೇಂದ್ರದ 30,000 ವೆಂಟಿಲೇಟರ್‌ಗಳ ಆರ್ಡರ್ ಬಂದದ್ದು ರೇಡಾರ್ ತಯಾರಿಸುವ ಬೆಂಗಳೂರಿನ ಬಿಇಎಲ್‌ಗೆ. ವಿನ್ಯಾಸ ಒದಗಿಸಿದ್ದು ಮೈಸೂರಿನ ಸ್ಕ್ಯಾನ್‌ರೇ. ಜೋಡಣೆಗೆ ನುರಿತ ಕೈಗಳಿದ್ದವು. ತೊಡಕಾದದ್ದು ಉಸಿರಿನ ಒತ್ತಡ ನಿಯಂತ್ರಿಸುವ ಕವಾಟ, ಸಂವೇದಕಗಳಂಥ ಆಮದು ಬಿಡಿಭಾಗಗಳು. ಲಾಕ್‌ಡೌನ್‌ನ ನಡುವೆಯೇ ಡಿಆರ್‌ಡಿಒ ನೆರವಿನೊಂದಿಗೆ ಅವನ್ನು ಇಲ್ಲಿಯೇ ರೂಪಿಸಿಕೊಳ್ಳಬೇಕಾಯಿತು.