ಅಳೆದವರೇ ಆಳಿದರು

ಗೋಡೆಯ ಮೇಲಿನ ಭೂಪಟವನ್ನು ನಾವು ನೆಲದ ಪ್ರತಿಬಿಂಬವೆಂದೇ ನಂಬುತ್ತೇವೆ. ಆದರೆ ಭೂಪಟ ಕನ್ನಡಿಯಲ್ಲ. ಬರೆಸಿದವರಿಗೆ ಬೇಕಾದದ್ದು ಅದರಲ್ಲಿ ಎದ್ದು ಕಾಣುತ್ತದೆ, ಬೇಡವಾದದ್ದು ಬಿಟ್ಟುಹೋಗುತ್ತದೆ. ಇದಕ್ಕೆ ನಮ್ಮ ಮೈಸೂರು ಸೀಮೆಯೇ ಸಾಕ್ಷಿ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ. ಅವನ ರಾಜ್ಯದ ಒಂದಷ್ಟು ಭಾಗವನ್ನು ಈಸ್ಟ್ ಇಂಡಿಯಾ ಕಂಪನಿ ಮತ್ತು ಹೈದರಾಬಾದಿನ ನಿಜಾಮ ಹಂಚಿಕೊಂಡು, ಉಳಿದದ್ದನ್ನು ಮೈಸೂರಿನ ಒಡೆಯರ ಮನೆತನಕ್ಕೆ ಒಪ್ಪಿಸಿದರು. ಹಂಚಿಕೆ ಕಾಗದದ ಮೇಲೆ ಮುಗಿಯಿತು. ಆದರೆ ಯಾರ ಎಲ್ಲೆ ಎಲ್ಲಿಗೆ ನಿಲ್ಲುತ್ತದೆ, ದಂಡು ಸಾಗಲು ದಾರಿ ಯಾವುದು, ಕಂದಾಯ ಕೊಡುವ ಊರುಗಳೆಷ್ಟು ಎಂಬುದು ಗೊತ್ತಾಗಬೇಕಲ್ಲ? ಅದಕ್ಕೆಂದು ಕಾಲಿನ್ ಮೆಕೆಂಜಿ ಎಂಬ ಸೇನಾಧಿಕಾರಿಗೆ ಮೈಸೂರಿನ ಸರ್ವೆ ಕೆಲಸ ವಹಿಸಲಾಯಿತು.

ಅದೇ ಹೊತ್ತಿಗೆ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದ. ತ್ರಿಭುಜದ ಒಂದು ಬಾಹು ಮತ್ತು ಅದರ ಎರಡು ತುದಿಗಳ ಕೋನ ತಿಳಿದರೆ ಉಳಿದೆರಡು ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಸಿಕ್ಕ ಬಾಹು ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸುತ್ತಾ ನಾಡನ್ನೇ ತ್ರಿಭುಜಗಳ ಬಲೆಯಲ್ಲಿ ಹಿಡಿಯಬಹುದು. ಗಣಿತಕ್ಕೆ ಪಕ್ಷಪಾತವಿಲ್ಲ ನಿಜ. ಆದರೆ ಅದನ್ನು ಕೆಲಸಕ್ಕೆ ಹಚ್ಚಿದವರಿಗೆ ಉದ್ದೇಶವಿತ್ತು.

ಬೆಟ್ಟದ ದೂರ ಸಿಕ್ಕಿತು, ಊರಿನ ಕಥೆ? ಅದು ಕೋನಮಾಪಕಕ್ಕೆ ಕಾಣುವಂಥದ್ದಲ್ಲ. ಅದಕ್ಕೆ ಮೆಕೆಂಜಿ ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನ ಓದಬಲ್ಲ ಜೈನ ಪಂಡಿತ ಧರ್ಮಯ್ಯ ಮೊದಲಾದವರ ನೆರವು ಪಡೆದ. ಅವರೆಲ್ಲ ಶಾಸನಗಳ ಜೊತೆಗೆ ಊರೂರಿನ ಕೈಫಿಯತ್ತುಗಳನ್ನೂ ಕಲೆಹಾಕಿದರು. 1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಆಳುವುದಕ್ಕೆಂದು ಕೂಡಿಸಿದ ಈ ಕಡತಗಳೇ ಇಂದು ನಮ್ಮ ಚರಿತ್ರೆಗೆ ಆಕರ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ನಮ್ಮ ಕೈಗೆ ಸಿಕ್ಕಿದ್ದು ಹೀಗೆ.

ಆದರೂ 1799ರ ಗೆರೆಯನ್ನು ಹಗುರವಾಗಿ ಕಾಣುವಂತಿಲ್ಲ. ಅಂದು ಕಂಪನಿಯ ಪಾಲಾದ ಕನ್ನಡ ಜಿಲ್ಲೆ ಮುಂದೆ ಎರಡಾಗಿ, ದಕ್ಷಿಣ ಭಾಗ ಮದ್ರಾಸಿಗೂ ಉತ್ತರ ಭಾಗ ಮುಂಬಯಿಗೂ ಸೇರಿತು. ಅವು ಮೈಸೂರಿನೊಡನೆ ಮತ್ತೆ ಕೂಡಿದ್ದು 1956ರ ನವೆಂಬರ್ 1ರಂದು, 157 ವರ್ಷಗಳ ಬಳಿಕ. ಆಗಲೂ ಕಾಸರಗೋಡು ಗೆರೆಯ ಆಚೆಗೇ ಉಳಿಯಿತು.

ಕಾಗದದ ಮೇಲೆ ಗೆರೆ ಎಳೆಯಲು ಕ್ಷಣ ಸಾಕು. ಅದನ್ನು ಅಳಿಸಲು ತಲೆಮಾರುಗಳೇ ಬೇಕು. ಮಕ್ಕಳಿಗೆ ಭೂಪಟ ತೋರಿಸುವಾಗ ಊರು, ನದಿ ಗುರುತಿಸಲು ಕಲಿಸಿದರೆ ಸಾಲದು. ಇದನ್ನು ಬರೆಸಿದವರು ಯಾರು, ಏತಕ್ಕೆ ಎಂದು ಕೇಳುವುದನ್ನೂ ಕಲಿಸಬೇಕು.